ಮಾರಮ್ಮನ ಹುಂಜ ಮೊಟ್ಟೆಯಿಟ್ಟಿತು

ಗೆಳತಿಯರೇ, ಕೇಳಿದಿರಾ? ಇವತ್ತು ಬೆಳಿಗ್ಗೆ ಹರಿಯಬ್ಬೆಯ ನಮ್ಮ ಮನೆಯಲ್ಲಿ ಹುಂಜ ಮೊಟ್ಟೆಯಿಟ್ಟಿತು.

ಅದನ್ನು ಹುಂಜ ಅಂದವರು ನಮ್ಮತ್ತೆ. ಮರಿಯಿದ್ದಾಗ ಹದ್ದಿನ ನೆರಳು ಬಿದ್ದರೆ ಉಳಿದವು ತಾಯಿಯ ರೆಕ್ಕೆಯಡಿ ಓಡುತ್ತಿದ್ದವು, ಇದೊಂದು ಕತ್ತೆತ್ತಿ ನಿಲ್ಲುತ್ತಿತ್ತು. "ಇದು ಗಂಡೇ" ಅಂದರು. ನಾನು ಬಸುರಿಯೆಂದು ಆಗಷ್ಟೇ ತಿಳಿದಿತ್ತು. ಈ ಸಲವಾದರೂ ಗಂಡಾಗಲೆಂದು ಹರಕೆ ಹೊತ್ತು, ಮರಿಯ ಕಾಲಿಗೆ ಅರಿಶಿನದ ದಾರ ಕಟ್ಟಿ ಮಾರಮ್ಮನಿಗೆ ಬಿಟ್ಟರು. ರೇಡಿಯೋ ಎರಡು ಮಕ್ಕಳು ಸಾಕು ಅನ್ನುತ್ತದೆ; ನನ್ನವೆರಡೂ ಹೆಣ್ಣು, ಅತ್ತೆಯ ಲೆಕ್ಕಕ್ಕಿಲ್ಲ.

ಬೆಳೆದ ಮೇಲೂ ಅದು ಕೂಗಲಿಲ್ಲ. "ಕೆಲವು ತಡವಾಗಿ ಕೂಗ್ತಾವೆ" ಅಂದರು.

ಇವತ್ತು ಅದನ್ನು ಮುಚ್ಚಿಟ್ಟಿದ್ದ ಬುಟ್ಟಿ ಎತ್ತಿದರೆ ಬೆಚ್ಚನೆಯ ಮೊಟ್ಟೆ. ಅತ್ತೆ ಮೊಟ್ಟೆ ನೋಡಿದರು, ಆಮೇಲೆ ನನ್ನ ಹೊಟ್ಟೆ ನೋಡಿದರು.

"ದೇವ್ರಿಗೇ ಮೋಸ ಮಾಡೈತೆ ಮುಂಡೇದು" ಎಂದು ಅಲ್ಲೇ ಅದರ ಕತ್ತು ಮುರಿದರು.

"ಅದೇನ್ ಮಾಡೀತು ಅತ್ತೆ? ಗಂಡು ಅಂದೋರು ನೀವಲ್ವಾ?" ಅಂದೆ.

"ಬಾಯ್ ಮುಚ್ಕಂಡು ಪುಕ್ಕ ಕೀಳು."

ಪುಕ್ಕ ಕೀಳುತ್ತಾ ಕೂತಿದ್ದಾಗ ಒಳಗಿನ ಕೂಸು ಜೋರಾಗಿ ಒದೆಯಿತು. ಮೆಲ್ಲಗೆ ಕಣೇ, ಅಂದೆ. ಇವರು ನಿನ್ನನ್ನೂ ಗಂಡು ಅಂದುಕೊಂಡಾರು.