ತಿರುಗಿಸಿದ ಮಂಚ

ಶಾವಿಗೆ ಒರಳಿನ ಹಿಡಿಯನ್ನು ನನ್ನ ಗಂಡ ಮೈಭಾರ ಬಿಟ್ಟು ಒತ್ತುತ್ತಿದ್ದರು. ಕೆಳಗೆ ತಟ್ಟೆ ಹಿಡಿದಿದ್ದ ತೋಟದೊಡತಿ ಸರಸಮ್ಮನ ಮುಖದಲ್ಲಿ, ನಾವು ಬಂದ ಮೇಲೆ ಮೊದಲ ಸಲ ನಗು ಕಂಡಿತು. ಬೇವಿನ ನೆರಳಲ್ಲಿ ಹಗ್ಗದ ಮಂಚದ ಮೇಲೆ ಒರಗಿ ಕುಳಿತಿದ್ದ ಅವರ ಯಜಮಾನರು ನೋಡುತ್ತಲೇ ಇದ್ದರು.

ಊರೂರಿನ ರುಚಿ ಹುಡುಕಿಕೊಂಡು ಬೇಸಿಗೆಯಲ್ಲಿ ಕಾರು ಹತ್ತುವುದು ನಮ್ಮ ಚಟ. ಹೋದ ವರ್ಷ ತಮಿಳುನಾಡಿನ ಸಿರುಮುಗೈ ಹತ್ತಿರದ ಈ ತೋಟಕ್ಕೆ ನೀರು ಕೇಳಲು ಹೊಕ್ಕಾಗ, ಮನೆಯಲ್ಲಿ ಕನ್ನಡವಾಡುವ ಈ ದಂಪತಿ ಬಿಸಿ ಒತ್ತು ಶಾವಿಗೆಗೆ ಕಾಯಿಹಾಲು ಸುರಿದು ಬಡಿಸಿದ್ದರು. ಅಂದು ಒತ್ತಿದವರು ಯಜಮಾನರು. ಅದೇ ಆಸೆಯಿಂದ ಈ ಸಲ ಮತ್ತೆ ಹೋದರೆ, ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಒಬ್ಬರಿಂದ ಆಗುವ ಕೆಲಸವಲ್ಲವೆಂದು ಒರಳು ಅಟ್ಟ ಸೇರಿತ್ತು. ನಾವು ಬೇಡವೆಂದರೂ ಸರಸಮ್ಮ ಅದನ್ನು ಇಳಿಸಿದರು. ಒತ್ತಲು ನನ್ನ ಗಂಡ ಮುಂದಾದರು.

“ಪಾರುಂಗ, ಎಳೆ ನೀವು ಒತ್ತಿದಂಗೇ ಬತ್ತದೆ,” ಎಂದು ಸರಸಮ್ಮ ತಮ್ಮ ಗಂಡನತ್ತ ತಟ್ಟೆ ಎತ್ತಿ ತೋರಿಸಿದರು.

ಯಜಮಾನರು ಒಮ್ಮೆ ತಟ್ಟೆಯತ್ತ ನೋಡಿದರು. ಆಮೇಲೆ, “ನನ್ನ ಕಟ್ಟಿಲು ಆ ಪಕ್ಕ ತಿರುಗ್ಸು,” ಎಂದರು.

ಸರಸಮ್ಮ ಒಬ್ಬರೇ ಎತ್ತಲಾರದೆ ಹೋದಾಗ ಮಂಚದ ಇನ್ನೊಂದು ತುದಿ ಹಿಡಿಯಲೂ ನನ್ನ ಗಂಡನೇ ಬೇಕಾಯಿತು. ಬಾಳೆಗಿಡಗಳತ್ತ ಮುಖ ಮಾಡಿ ಕುಳಿತವರ ಬೆನ್ನು ನೋಡುತ್ತಾ ನಾವು ಉಂಡೆವು.

ಶಾವಿಗೆ ಹೋದ ವರ್ಷದಷ್ಟೇ ರುಚಿಯಾಗಿತ್ತು. ಆ ಮಾತನ್ನು ಅಲ್ಲಿ ಹೇಳಲು ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೂ ನಾವಿಬ್ಬರು ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ.