‘ಯಾರ ದಂಡೋ?’ ಎಂದು ಕೇಳುವ ಮಂಗಲವ್ವ

ಕೋಳಿ ಕೂಗಿ ಸ್ವಲ್ಪ ಹೊತ್ತಾಗಿದೆ. ಹಿರೇಕೋಟಿಯ ಅಗಸಿ ಬಾಗಿಲ ಒಳಬದಿಗೆ ಮಂಗಲವ್ವ ಸೆರಗು ಸಿಕ್ಕಿಸಿ ನಿಂತಿದ್ದಾರೆ. ಹೊರಗೆ ಮೋಟಾರ್‌ಸೈಕಲ್ ಬಂದು ನಿಂತ ಸದ್ದು. ಅವರು ಕದದ ಸಂದಿಗೆ ಬಾಯಿ ತಂದು ಕೂಗುತ್ತಾರೆ:

“ಯಾರ ದಂಡೋ?”

“ನಮ್ದ ಬೇ ಯವ್ವಾ!”

ಅಷ್ಟಾದ ಮೇಲೆಯೇ ಅಗಳಿ ಸರಿಯುತ್ತದೆ. ಆನೆ ಗುದ್ದದಿರಲೆಂದು ಮೊಳೆ ಹೊಡೆಸಿದ ಕದ ನರಳುತ್ತ ತೆರೆಯುತ್ತದೆ. ಒಳಬಂದ ದಂಡು ಎಂದರೆ ತೋಟದ ಮನೆಯ ಬೀರದೇವ, ಅವನ ಹಾಲಿನ ಕ್ಯಾನು, ಬೆನ್ನಹಿಂದೆ ಒಂದು ನಾಯಿ.

ಜುಗೂಳದಿಂದ ಕೃಷ್ಣಾ ನದಿಯ ದಂಡೆ ಹಿಡಿದು ಬಂದರೆ ಸಿಗುವ ಹಿರೇಕೋಟಿ ಒಂದು ಕಾಲಕ್ಕೆ ಭಾರಿ ಪಟ್ಟಣವಾಗಿತ್ತಂತೆ. ಹೊಳೆ ದಾಟಲು ಸಲೀಸಾದ ಜಾಗ, ಹಾಗಾಗಿ ದಂಡೆತ್ತಿ ಬಂದವರಿಗೆಲ್ಲ ಇದೇ ದಾರಿ. ಅಗಸಿಯ ಬುಡಕ್ಕೆ ಚಾಲುಕ್ಯರ ಕಾಲದ್ದೆನ್ನುವ ಕರಿಕಲ್ಲು, ಅದರ ಮೇಲೆ ಸುಲ್ತಾನರ ಕಮಾನು, ಕಮಾನಿನ ಮೇಲೆ ಮರಾಠರ ಇಟ್ಟಿಗೆ, ಕದಕ್ಕೆ ಇಂಗ್ಲಿಷರ ಕಬ್ಬಿಣದ ಪಟ್ಟಿ. ಒಡೆದವರೇ ಮತ್ತೆ ಕಟ್ಟಿದ ಊರು ಇದು. ಪಡುವಣ ಗೋಡೆಯನ್ನು ತೋಫಿನಿಂದ ಕೆಡವಿದ ಜಾಗ ಈಗ ಬಸ್ ಸ್ಟ್ಯಾಂಡ್. ಆದರೂ ಊರವರಿಗೆ ಅದು ತೋಫಿನ ಕಂಡಿಯೇ; ಕಂಡಕ್ಟರ್ ಕೂಡ ‘ಕಂಡಿ, ಕಂಡಿ’ ಎಂದೇ ಕೂಗುತ್ತಾನೆ.

ಬಂದ ದಂಡು ಗೆದ್ದಿರಲಿ, ಸೋತಿರಲಿ, ಒಂದಿಷ್ಟು ಮಂದಿಯನ್ನಂತೂ ಇಲ್ಲೇ ಬಿಟ್ಟುಹೋಗಿದೆ. ಕುದುರೆಗೆ ಲಾಳ ಹೊಡೆದವರ ವಂಶಸ್ಥರು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಯಾವ ದಂಡು ಬಂದರೂ ಕಾಳು ಅಳೆದುಕೊಟ್ಟ ಜೈನರ ಅಂಗಡಿ ಇನ್ನೂ ಅಲ್ಲೇ ಇದೆ. ಒಂದೇ ಜಗಳದಲ್ಲಿ ಕನ್ನಡ, ಮರಾಠಿ, ಉರ್ದು ಬೈಗುಳ ಮೂರೂ ಬೇಕಾದರೆ ಇಲ್ಲಿಗೆ ಬರಬೇಕು!

ಮಂಗಲವ್ವ ಈ ಅಗಸಿ ಕಾಯುವ ಮನೆತನದ ಸೊಸೆ. ತವರು ಹೊಳೆಯಾಚೆ, ಮಹಾರಾಷ್ಟ್ರದಲ್ಲಿ. ಹೊಸ ಮದುಮಗಳಾದರೂ ‘ಯಾರ ದಂಡೋ’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟೇ ಒಳಗೆ ಬರಬೇಕು.

“ಹಿಂದಕ್ಕ ತಪ್ಪ ಹೇಳಿದವ್ರ ಮ್ಯಾಲ ಕಾದ ಎಣ್ಣಿ ಸುರೀತಿದ್ರಂತ್ರಿ. ನನಗ ಕನ್ನಡ ಬರ್ತಿದ್ದಿಲ್ಲ. ಹಾದ್ಯಾಗೆಲ್ಲಾ ‘ನಮ್ದ, ನಮ್ದ’ ಅಂತ ಬಾಯಿಪಾಠ ಮಾಡ್ಕೋತ ಬಂದೆ. ಒಳಗಿಂದ ಅತ್ತಿ ಒದರಿದ್ಲು ನೋಡ್ರಿ, ಅಂಜಿ ‘ಆಮ್ಚಾ’ ಅಂದಬಿಟ್ಟೆ!”

ಆಮ್ಚಾ ಎಂದರೂ ನಮ್ಮದೇ, ಆದರೆ ಮರಾಠಿಯಲ್ಲಿ. ಬೀಗರಲ್ಲಿ ನಗೆಯೋ ನಗೆ. ಮರಾಠರ ದಂಡು ತಿರುಗಿ ಬಂತೆಂದು ಯಾರೋ ಕೂಗಿದರಂತೆ. ಅತ್ತೆ ಸತ್ತೆವ್ವ ಮಾತ್ರ ನಗಲಿಲ್ಲ. ಕದ ತೆರೆದು, ಸೊಸೆಯ ಗಲ್ಲ ಹಿಡಿದು, “ಅಂದಿದ್ದು ಖರೇನ ಐತಿ, ಬಾ ಒಳಗ” ಎಂದರು. ಅತ್ತೆ ತೀರಿಕೊಂಡ ಮೇಲೆ ಅಗಳಿ ಸೊಸೆಯ ಕೈಗೆ ಬಂತು.

ಅಂದಿನಿಂದ ನಸುಕಿನಲ್ಲಿ ತೆಗೆಯುವುದು, ಮುಸ್ಸಂಜೆಗೆ ಹಾಕುವುದು, ಕಸ ಹೊಡೆಯುವುದು, ಕೀಲಿಗೆ ಎಣ್ಣೆ ಬಿಡುವುದು ಎಲ್ಲ ಅವರದೇ. “ಮೊದಲ ಹೊರಗ ಕುರಿಯವ್ರು, ಗಡಿಗಿ ಮಾರಾವ್ರು, ಎಲ್ಲಾರೂ ಕೂಡಿ ‘ನಮ್ದ’ ಅಂದ್ರ ಗ್ವಾಡಿ ಗುಂಯ್ ಅಂತಿತ್ತ. ಈಗಿನವ್ರು ಹಾರ್ನ್ ಹೊಡೀತಾರ. ಹಾರ್ನಿಗೆ ನಾ ತಗ್ಯಾಂಗಿಲ್ರಿ!” ಎಂದು ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಏಕೆಂದರೆ ನಾಳೆ ಕದ ಬಿಚ್ಚುತ್ತಾರೆ. ಈ ಬದಿಯ ಹೊಲಗಳಿಂದ ಬರುವ ಕಬ್ಬಿನ ಟ್ರ್ಯಾಕ್ಟರುಗಳು ಇಲ್ಲಿ ಸಿಕ್ಕಿಕೊಳ್ಳುತ್ತವೆ, ಕದವಿಲ್ಲದಿದ್ದರೆ ಕಮಾನಿನೊಳಗೆ ನುಸುಳಬಲ್ಲವು. ಊರೆಲ್ಲ ಸೇರಿ ಮಾಡಿದ ತೀರ್ಮಾನ. ಎಷ್ಟೋ ದಂಡುಗಳಿಗೆ ಬಗ್ಗದ ಕದ ಕಬ್ಬಿಗೆ ಬಗ್ಗಿತಲ್ಲ ಎಂದು ಅಗಸಿ ನೋಡಲು ಬಂದ ನನಗೆ ಬೇಸರ. ಮಂಗಲವ್ವನಿಗೆ ಸಿಟ್ಟಿಲ್ಲ.

“ಕಬ್ಬ ಹೊಲದಾಗ ಒಣಗಿದ್ರ ಮಂದಿ ಏನ ತಿನ್ನಬೇಕ್ರಿ? ತಗೀಲಿ. ನಂದೊಂದ ಆಸೆ ಐತಿ. ಮದಿವಿ ದಿನ ಒಮ್ಮೆ ಉತ್ತರ ಹೇಳಿದ್ದಷ್ಟ. ಆಮ್ಯಾಲ ಕೇಳೂದ ನನ್ನ ಕೆಲಸ ಆತು, ನನ್ನ ಯಾರೂ ಕೇಳಲಿಲ್ಲ.”

ಮುಸ್ಸಂಜೆ ಕದ ಹಾಕುವ ಹೊತ್ತಿಗೆ ಅವರು ಹೊರಗೆ ಉಳಿಯುತ್ತಾರೆ, ಜೊತೆಗೆ ನಾನೂ. ಒಳಗೆ ಅಗಳಿ ಬೀಳುತ್ತದೆ. ಈ ಕತೆಯನ್ನು ಕೇಳಿ ಕೇಳಿ ಬಾಯಿಪಾಠವಾಗಿರುವ ಸೊಸೆ ಸುಜಾತಾ ಒಳಗಿನಿಂದ ಕೂಗುತ್ತಾಳೆ:

“ಯಾರ ದಂಡೋ?”

ಮಂಗಲವ್ವ ಅಂಗೈಯನ್ನು ಕದದ ಮೇಲಿಡುತ್ತಾರೆ. ಸಂದಿಗೆ ಬಾಯಿ ತಂದು, ಮದುಮಗಳಂತೆ ಅಂಜುತ್ತ:

“ಆಮ್ಚಾ.”

ಅಗಳಿ ಸರಿಯುತ್ತದೆ.

“ಖರೇನ ಐತಿ ಅತ್ತಿ,” ಎನ್ನುತ್ತಾಳೆ ಸುಜಾತಾ, “ಬರ್ರಿ ಒಳಗ.”