ಸುಬೇದಾರ್ ಗುರುಗಳಿಗೆ ದಿನಕ್ಕೊಂದು ಪ್ರಶ್ನೆ

ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು ವೇದಾಂತ ಹೇಳಲು ಹೊರಟಾಗ ಮೊದಲು ನಕ್ಕವರು ಅವರ ಹೆಂಡತಿ. "ಅಷ್ಟು ವರ್ಷ ಜನರನ್ನ ಕೂಗಿ ಎಬ್ಬಿಸಿದ್ರಿ. ಈಗ ಕೂಗಿ ಮಲಗಿಸ್ತೀರಾ?"

ಅವರು ಜಗ್ಗಲಿಲ್ಲ. ಐದು ವರ್ಷ ಆಶ್ರಮದಲ್ಲಿ ಓದಿ ಬಂದು, ಬೆರಳಚ್ಚು ಅಂಗಡಿಯ ಮಹಡಿಯ ಮೇಲೊಂದು ಕೋಣೆ ಹಿಡಿದರು. ಬೆಳಗ್ಗೆ ಏಳಕ್ಕೆ ಪಾಠ, ಏಳೂ ಐದಕ್ಕೆ ಬಾಗಿಲಿಗೆ ಚಿಲಕ. ತಡವಾಗಿ ಬಂದವರು ಮೆಟ್ಟಿಲ ಮೇಲೆ ಕೂತು ಕೇಳಬೇಕು. ಎದುರಿಗೆ 'ಗುರುಗಳೇ' ಎನ್ನುವವರು ಬೆನ್ನ ಹಿಂದೆ 'ಸುಬೇದಾರ್ ಗುರುಗಳು' ಎನ್ನುತ್ತಿದ್ದರು. ಮಾತು ಖಡಾಖಂಡಿತ. "ಸಾಯೋದು ದೇಹ. ಆತ್ಮಕ್ಕೆ ಸಾವಿಲ್ಲ ಅಂದ್ಮೇಲೆ ಅಳೋದು ಯಾರಿಗೆ?" ಎಂದು ಅವರು ಕೇಳಿದರೆ, ಮೊನ್ನೆ ತಾನೇ ಗಂಡನನ್ನು ಕಳೆದುಕೊಂಡವಳೂ ಮೂಗು ಒರೆಸಿಕೊಂಡು ನೆಟ್ಟಗೆ ಕೂರುತ್ತಿದ್ದಳು.

ಮೂರನೆಯ ವರ್ಷ ಒಬ್ಬ ಹೆಂಗಸು ಬಂದಳು. ಬಟ್ಟೆ ಹೊಲಿದು ಬದುಕುವವಳು, ಗಂಡನಿಲ್ಲ. ಪಾಠ ಮುಗಿದ ಮೇಲೆ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ಅವರ ಮುಂದಿಟ್ಟಳು. ಅಕ್ಷರ ಅವರದ್ದೇ. 'ನಿಮ್ಮ ಮಗ ನೋವು ಕಾಣದೆ, ಒಂದೇ ಕ್ಷಣದಲ್ಲಿ ಪ್ರಾಣಬಿಟ್ಟ.' ಹದಿನೆಂಟು ವರ್ಷದ ಹಿಂದೆ, ತಮ್ಮ ತುಕಡಿಯಲ್ಲಿ ಸತ್ತ ಹುಡುಗನ ತಾಯಿಗೆ ಬರೆದದ್ದು.

"ಈ ಕಾಗದ ಇಲ್ದಿದ್ರೆ ನಾನು ಹುಚ್ಚಿ ಆಗಿಬಿಡ್ತಿದ್ದೆ, ಗುರುಗಳೇ" ಎಂದಳು.

ಅಂದಿನಿಂದ ಮುಂದಿನ ಸಾಲು ಅವಳದ್ದು. ಕೋಣೆ ಗುಡಿಸಿದಳು, ಕಿಟಕಿಗೆ ಪರದೆ ಹೊಲಿದಳು. ನಾಲ್ಕು ವರ್ಷದಲ್ಲಿ ಅವಳ ಮೈ ತುಂಬಿಕೊಂಡಿತು, ನಗು ಬಂತು. ಅವಳು ನಕ್ಕಾಗಲೆಲ್ಲ ಗುರುಗಳಿಗೆ ಎದೆಯಲ್ಲಿ ಮುಳ್ಳಾಡಿದ ಹಾಗಾಗುತ್ತಿತ್ತು. ಸತ್ಯ ಹೇಳದವನು ಎಂಥ ಗುರು ಎಂಬ ಕೊರೆತ. ಕೊನೆಗೆ ಹೆಂಡತಿಯ ಬಳಿ ಬಾಯಿಬಿಟ್ಟರು. "ಹೇಳ್ಬೇಡಿ. ನಿಮ್ಮ ಮೂಟೆ ಇಳಿಸೋಕೆ ಅವಳ ತಲೆನೇ ಬೇಕಾ?" ಎಂದರು ಆಕೆ.

ಮಾರನೆಯ ದಿನ, ಉಳಿದವರೆಲ್ಲ ಹೋಗಿ ಅವಳು ಚಾಪೆ ಸುತ್ತುತ್ತಿದ್ದಾಗ, ಗುರುಗಳು ಹೇಳಿಯೇಬಿಟ್ಟರು. ಹುಡುಗನ ಹೊಟ್ಟೆಗೆ ಗುಂಡು ಬಿದ್ದಿತ್ತು. ಬಯಲಲ್ಲಿ, ಮೂವತ್ತು ಹೆಜ್ಜೆ ದೂರದಲ್ಲಿ ಬಿದ್ದಿದ್ದ. ಇಬ್ಬರು ಹೋಗಿ ಎಳೆದು ತರುತ್ತೇವೆಂದರು. ತಾವೇ ತಡೆದರು. "ಅವರಿಗೆ ಅಪಾಯ ಅಂತ ಅಂದೆ. ನಿಜವಾಗಿ ಹೆದರಿದ್ದು ನಾನು. ಕೊನೆಗೆ ಹಿಂದಕ್ಕೆ ಹೊರಡಿ ಅಂದ್ಬಿಟ್ಟೆ."

ಅವಳು ಚಾಪೆ ಗೋಡೆಗೆ ಒರಗಿಸಿದಳು. "ಎಷ್ಟು ಹೊತ್ತು ಜೀವ ಇತ್ತು?"

"ನಾವು ಹೊರಡೋವರೆಗೂ ಇತ್ತು. ನಾಲ್ಕು ತಾಸು."

ಅವಳು ಚಪ್ಪಲಿ ಮೆಟ್ಟಿ ಇಳಿದು ಹೋದಳು. ಗುರುಗಳಿಗೆ ನಾಚಿಕೆಯಾಗುವಷ್ಟು ಹಗುರವೆನಿಸಿತು. ಆ ದಿನ ಎರಡು ತುತ್ತು ಹೆಚ್ಚೇ ಉಂಡರು.

ಎಂಟು ದಿನ ಬಿಟ್ಟು ಅವಳು ಮತ್ತೆ ಬಂದು ಮುಂದಿನ ಸಾಲಲ್ಲಿ ಕೂತಳು. ಕೆನ್ನೆ ಇಳಿದುಹೋಗಿತ್ತು. ಪಾಠ ಮುಗಿಯುತ್ತಲೇ, ಎಲ್ಲರ ಎದುರಿಗೇ, ಮೆತ್ತಗೆ ಕೇಳಿದಳು: "ನೀರು ಕೇಳಿದ್ನಾ, ಗುರುಗಳೇ?"

ಸತ್ಯವೆಂದು ಹೊರಟವರು ಈಗ ನುಣುಚಿಕೊಳ್ಳುವಂತಿರಲಿಲ್ಲ. "ಕೇಳಿದ."

ಮರುದಿನ, "ಯಾರನ್ನ ಕರೆದ?"

"ಮೊದಲು ನನ್ನ. ಆಮೇಲೆ ನಿಮ್ಮನ್ನ."

ದಿನಕ್ಕೊಂದೇ ಪ್ರಶ್ನೆ. ಬೈಗುಳವಿಲ್ಲ, ಕಣ್ಣೀರಿಲ್ಲ. ಕೈ ಆಡಿಸುತ್ತಿದ್ದನಾ, ನೀವು ಹೊರಟದ್ದು ನೋಡಿದನಾ, ನೀವು ತಿರುಗಿ ನೋಡಿದಿರಾ. ಕೇಳುಗರು ಒಬ್ಬೊಬ್ಬರೇ ಜಾರಿಕೊಂಡರು. ಮನಸ್ಸಿಗೆ ನೆಮ್ಮದಿ ಸಿಗಲೆಂದು ಬಂದವರಿಗೆ ಈ ಉಸಾಬರಿ ಯಾಕೆ? ಮಳೆಗಾಲ ಕಳೆಯುವಷ್ಟರಲ್ಲಿ ಕೋಣೆಯಲ್ಲಿ ಉಳಿದವರು ಗುರುಗಳು ಮತ್ತು ಅವಳು, ಇಬ್ಬರೇ. ಆದರೂ ಗುರುಗಳು ಏಳಕ್ಕೆ ಸರಿಯಾಗಿ ಆತ್ಮಕ್ಕೆ ಸಾವಿಲ್ಲವೆಂದು ಹೇಳುತ್ತಿದ್ದರು. ಅವಳು ಕೊನೆಯವರೆಗೂ ಕೇಳಿಸಿಕೊಂಡು ಆಮೇಲೆ ತನ್ನದನ್ನು ಕೇಳುತ್ತಿದ್ದಳು.

ಒಂದು ಬೆಳಗ್ಗೆ ಪಾಠದ ನಡುವೆ ಗುರುಗಳ ಬಾಯಿ ಸೊಟ್ಟಗಾಯಿತು. ಲಕ್ವ. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಕೆಳಗಿನ ಅಂಗಡಿಯವರನ್ನು ಕೂಗಿ ಕರೆದು ಆಸ್ಪತ್ರೆಗೆ ಸೇರಿಸಿದವಳು ಅವಳೇ.

ಮನೆಗೆ ತಂದ ಮೇಲೆ ಅವಳು ದಿನವೂ ಬಂದಳು. ಮಗ್ಗುಲು ಬದಲಿಸಿದಳು, ಬೆನ್ನು ಹುಣ್ಣಾಗದಂತೆ ಪೌಡರ್ ಹಾಕಿದಳು. ಹೆಂಡತಿಗೆ ಅವಳು ಯಾಕೆ ಬರುತ್ತಾಳೆಂದು ಗೊತ್ತಿತ್ತು. ಮೊದಲ ವಾರ ಬಾಗಿಲಲ್ಲಿ ನಿಂತು, "ಸಾಕು ಬಿಡಮ್ಮ, ಅನುಭವಿಸ್ತಿದಾರಲ್ಲ" ಎಂದರು.

"ನಾನೇನು ಬೈತೀನಾ, ಅಕ್ಕ? ಕೇಳ್ತೀನಿ, ಅಷ್ಟೇ."

ಹೆಂಡತಿಗೂ ವಯಸ್ಸಾಗಿತ್ತು, ಸೊಂಟ ಹಿಡಿದಿತ್ತು. ಒಬ್ಬರೇ ಅವರನ್ನು ಎತ್ತಲಾರರು. ಬರಬರುತ್ತಾ, ಅವಳು ಬಂದೊಡನೆ ಆಕೆ ಕೈಚೀಲ ಹಿಡಿದು ತರಕಾರಿಗೆ ಹೊರಡತೊಡಗಿದರು. ಬೀದಿ ಬಾಗಿಲು ಮುಚ್ಚಿದ ಸದ್ದಿಗೆ ಗುರುಗಳು ಎಡಗೈಯಿಂದ ಹೊದಿಕೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು.

ಅವಳು ಚಮಚದಿಂದ ನೀರು ಕುಡಿಸಿ, ತುಟಿ ಒರೆಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. "ಕೊನೆಗೆ ಏನಂದ, ಗುರುಗಳೇ?"

ಗಂಟಲಿಂದ ಬರೀ ಊಂ ಊಂ ಎಂಬ ಸದ್ದು. ಕಣ್ಣಲ್ಲಿ ನೀರು.

"ನಿಧಾನವಾಗಿ ಹೇಳಿ" ಎನ್ನುತ್ತಿದ್ದಳು ಅವಳು. "ನಂಗೇನೂ ಅವಸರ ಇಲ್ಲ."

ಅದಾದ ಮೇಲೂ ಗುರುಗಳು ಎರಡೂವರೆ ವರ್ಷ ಬದುಕಿದ್ದರು.